ಡಾ. ವಿಕ್ರಮ ಸಾರಾಭಾಯಿ: ಹಳ್ಳಿಗೆ ಮೊದಲು ದೂರದರ್ಶನ

ನವೆಂಬರ್ ಒಂದನೆಯ ತಾರೀಖು ಬಂದಿತೆಂದರೆ ಹೊರನಾಡಿನಲ್ಲಿ ನೆಲಸಿರುವ ನಾವು ಕನ್ನಡ ನಾಡಿನ ಹಿರಿಯರನ್ನು ನೆನೆಯುವುದು ವಾಡಿಕೆ. ಅದು ಉಚಿತವೂ ಹೌದು. ಆದರೆ ನಮಗೆ ಅನ್ನವನ್ನೂ ನೆಲೆಯನ್ನೂ ಕೊಟ್ಟ ಈ ಗುರ್ಜರ ಭೂಮಿಯ ಮಹನೀಯರನ್ನು, ಅದರಲ್ಲಿಯೂ ಕನ್ನಡ ಹಳ್ಳಿಗರಿಗೆ ಉಪಕಾರ ಮಾಡಿದವರನ್ನು, ಇದೇ ದಿನ ನೆನೆಯುವುದೂ ಅಷ್ಟೇ ಉಚಿತವಾದುದು. ಅಂತಹವರಲ್ಲಿ ಡಾ. ವಿಕ್ರಮ ಸಾರಾಭಾಯಿಯವರು ಅಗ್ರಗಣ್ಯರು.

ಸಾರಾಭಾಯಿಯವರನ್ನು ರಾಕೆಟ್ಟುಗಳ ಪಿತಾಮಹರೆಂದು ನಮ್ಮ ಮಕ್ಕಳು ಶಾಲೆಯ ಪುಸ್ತಕದಲ್ಲಿ ಓದುತ್ತಾರೆ. 2023ರ ಆಗಸ್ಟ್ 23ರಂದು ಚಂದ್ರನ ನೆಲದ ಮೇಲೆ ಇಳಿದ ನಮ್ಮ ದೇಶದ ನೌಕೆಗೆ ಅವರದೇ ಹೆಸರನ್ನು ಇಟ್ಟಿರುವುದನ್ನೂ ಬಲ್ಲರು. ಆದರೆ ಅವರ ಬಾಳಿನ ಇನ್ನೊಂದು ಮುಖ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1975ರಲ್ಲಿ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ನೂರಾರು ಹಳ್ಳಿಗಳಲ್ಲಿ ಟೆಲಿವಿಷನ್ ಪೆಟ್ಟಿಗೆಯಿಂದ ಕನ್ನಡ ಮಾತು ಕೇಳಿಬಂದಿತು. ಆಗ ರಾಜಧಾನಿಯಾದ ಬೆಂಗಳೂರಿಗೇ ಟೆಲಿವಿಷನ್ ಬಂದಿರಲಿಲ್ಲ. ಆ ಕನ್ನಡ ಮಾತು ಆಕಾಶಕ್ಕೆ ಏರಿದುದು ಪ್ರಧಾನವಾಗಿ ಅಹಮದಾಬಾದಿನಿಂದ! ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಸಾರಾಭಾಯಿಯವರ ಬಾಳನ್ನು ಮೊದಲಿನಿಂದ ನೋಡಬೇಕು.

ಮನೆಯೇ ಪಾಠಶಾಲೆ

ವಿಕ್ರಮರು 1919ನೆಯ ಇಸವಿ ಆಗಸ್ಟ್ 12ರಂದು ಅಹಮದಾಬಾದಿನ ಶ್ರೀಮಂತ ಜೈನ ಮನೆತನವೊಂದರಲ್ಲಿ ಜನಿಸಿದರು. ತಂದೆ ಅಂಬಾಲಾಲ ಸಾರಾಭಾಯಿಯವರು ಹೆಸರಾಂತ ಕ್ಯಾಲಿಕೋ ಬಟ್ಟೆ ಗಿರಣಿಯ ಒಡೆಯರು. ತಾಯಿ ಸರಳಾದೇವಿಯವರು. ದಂಪತಿಗಳಿಗೆ ಎಂಟು ಮಂದಿ ಮಕ್ಕಳು. ಮಕ್ಕಳನ್ನು ಬೆತ್ತದ ಭಯವಿರುವ ಶಾಲೆಗೆ ಕಳುಹಿಸಲು ತಾಯಿಗೆ ಮನಸ್ಸಾಗಲಿಲ್ಲ. ಶಾಹಿಬಾಗಿನಲ್ಲಿದ್ದ ತಮ್ಮ ವಿಶಾಲವಾದ ಮನೆಯಲ್ಲಿಯೇ ಮಾಂಟೆಸೊರಿ ಪದ್ಧತಿಯನ್ನು ಅನುಸರಿಸಿ ಶಾಲೆಯೊಂದನ್ನು ಏರ್ಪಡಿಸಿದರು. ಮಕ್ಕಳು ಕೈಯಿಂದ ಕೆಲಸ ಮಾಡಿ, ಕಣ್ಣಿನಿಂದ ಕಂಡು, ಪ್ರಶ್ನೆ ಕೇಳಿ ಕಲಿಯಬೇಕೆಂಬುದು ಅಲ್ಲಿಯ ನಿಯಮವಾಗಿತ್ತು.

ಆ ಮನೆಗೆ ಬಂದು ಹೋಗುತ್ತಿದ್ದ ಅತಿಥಿಗಳಾದರೋ ಮಹಾತ್ಮ ಗಾಂಧಿ, ರವೀಂದ್ರನಾಥ ಠಾಕೂರ, ಜವಾಹರಲಾಲ್ ನೆಹರು, ಸರೋಜಿನಿ ನಾಯಿಡು, ಸಿ. ವಿ. ರಾಮನ್ ಮುಂತಾದ ಮಹಾಶಯರು. ಮನೆಯವರೂ ಸಾಮಾನ್ಯರಲ್ಲ. ವಿಕ್ರಮರ ಸೋದರತ್ತೆ ಅನಸೂಯಾ ಬೆನ್ ಅವರು ಗಿರಣಿ ಕೂಲಿಕಾರರ ಪರವಾಗಿ ನಿಂತವರು. 1918ರಲ್ಲಿ ಅಹಮದಾಬಾದಿನ ಕೂಲಿಕಾರರು ಮುಷ್ಕರ ಹೂಡಿದಾಗ ಗಾಂಧೀಜಿಯ ಜತೆಗೆ ಆಕೆ ಒಂದು ಪಕ್ಷದಲ್ಲಿದ್ದರೆ, ಗಿರಣಿಯ ಒಡೆಯರಾದ, ಆಕೆಯ ತಮ್ಮ ಅಂಬಾಲಾಲರು ಎದುರು ಪಕ್ಷದಲ್ಲಿದ್ದರು. ಆದರೂ ಅಕ್ಕತಮ್ಮಂದಿರ ವಿಶ್ವಾಸ ಕೆಡಲಿಲ್ಲ. ಸಂಪತ್ತು ಇದ್ದವನಿಗೆ ಇಲ್ಲದವನ ಋಣವಿದೆಯೆಂಬ ಭಾವನೆ ಆ ಮನೆಯ ಗಾಳಿಯಲ್ಲಿಯೇ ಇದ್ದಿತು. ವಿಕ್ರಮರ ಅಕ್ಕ ಮೃದುಲಾ ಅವರು ಸ್ವಾತಂತ್ರ್ಯದ ಹೋರಾಟದಲ್ಲಿ ಸೆರೆಮನೆಗೆ ಹೋಗಿ ಬಂದರು. ಇಂತಹ ಮನೆಯಲ್ಲಿ ಬೆಳೆದ ಹುಡುಗ ವಿಜ್ಞಾನವನ್ನು ಕೈಹಿಡಿದರೂ ಜನರನ್ನು ಮರೆಯಲಿಲ್ಲವೆಂಬುದರಲ್ಲಿ ಆಶ್ಚರ್ಯವೇನು?

ಬೆಂಗಳೂರಿನ ದಿನಗಳು

ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಓದಿ, ವಿಕ್ರಮರು ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ತೆರಳಿ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದರು. 1940ರಲ್ಲಿ ಪ್ರಕೃತಿ ವಿಜ್ಞಾನದಲ್ಲಿ ಪದವಿ ಪಡೆದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿದ್ದಿತು. ತಾಯ್ನಾಡಿಗೆ ಹಿಂತಿರುಗಿದ ಅವರು ನೇರವಾಗಿ ಬಂದುದು ನಮ್ಮ ಬೆಂಗಳೂರಿಗೆ. ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಯನ್ನು ಕೈಗೊಂಡರು. ಅವರು ಆರಿಸಿಕೊಂಡ ವಿಷಯ ವಿಶ್ವಕಿರಣಗಳು. ಆಕಾಶದ ಆಳದಿಂದ ಹಗಲಿರುಳೂ ಭೂಮಿಯ ಮೇಲೆ ಸುರಿಯುವ ಅತಿ ಸೂಕ್ಷ್ಮವಾದ, ಅತಿ ಶಕ್ತಿಯುತವಾದ ಕಣಗಳಿಗೆ ಈ ಹೆಸರು. ಬೆಂಗಳೂರಿನಲ್ಲಿಯೂ, ಪುಣೆಯಲ್ಲಿಯೂ, ಕಾಶ್ಮೀರದ ಎತ್ತರದ ಬೆಟ್ಟಗಳಲ್ಲಿಯೂ ಅವುಗಳನ್ನು ಅಳೆದರು. ಅವರ ಮೊದಲ ಸಂಶೋಧನಾ ಪ್ರಬಂಧ 1942ರಲ್ಲಿ ಪ್ರಕಟವಾಯಿತು.

ಹೋಮಿ ಭಾಭಾ ಅವರು ಆಗ ಅದೇ ಸಂಸ್ಥೆಯಲ್ಲಿದ್ದರು. ಮುಂದೆ ದೇಶದ ಪರಮಾಣು ಕಾರ್ಯಕ್ಕೆ ಒಬ್ಬರು, ಅಂತರಿಕ್ಷ ಕಾರ್ಯಕ್ಕೆ ಇನ್ನೊಬ್ಬರು ತಳಹದಿ ಹಾಕುವವರಿದ್ದರು. ಇಬ್ಬರ ಸ್ನೇಹವೂ ಬೆಳೆದುದು ಕನ್ನಡ ನೆಲದಲ್ಲಿ. ವಿಕ್ರಮರು ಭರತನಾಟ್ಯದ ಕಲಾವಿದೆ ಮೃಣಾಲಿನಿಯವರನ್ನು ಕಂಡು ಮೆಚ್ಚಿದುದೂ ಬೆಂಗಳೂರಿನಲ್ಲಿಯೇ. 1942ರಲ್ಲಿ ಅವರ ವಿವಾಹ ನೆರವೇರಿತು. ಯುದ್ಧ ಮುಗಿದ ಮೇಲೆ 1945ರಲ್ಲಿ ವಿಕ್ರಮರು ಮರಳಿ ಕೇಂಬ್ರಿಜ್ಜಿಗೆ ಹೋಗಿ 1947ರಲ್ಲಿ ಡಾಕ್ಟರೇಟ್ ಪಡೆದು ಬಂದರು. ಆ ಪ್ರಬಂಧದ ವಿಷಯವೂ ಉಷ್ಣವಲಯದ ವಿಶ್ವಕಿರಣಗಳೇ ಆಗಿದ್ದಿತು.

ಅಹಮದಾಬಾದು ಮತ್ತು ವಡೋದರಾ

ಸ್ವಾತಂತ್ರ್ಯ ಬಂದ ವರ್ಷವೇ, ಎಂದರೆ 1947ರ ನವೆಂಬರ್ 11ರಂದು, ಇಪ್ಪತ್ತೆಂಟು ವರ್ಷದ ಈ ತರುಣ ಅಹಮದಾಬಾದಿನಲ್ಲಿ ಭೌತವಿಜ್ಞಾನ ಸಂಶೋಧನಾಲಯವನ್ನು ಸ್ಥಾಪಿಸಿದರು. ಎಂ. ಜಿ. ವಿಜ್ಞಾನ ಸಂಸ್ಥೆಯ ಕೆಲವು ಕೊಠಡಿಗಳಲ್ಲಿ ಅದು ಆರಂಭವಾಯಿತು. ಹವಾಶಾಸ್ತ್ರದಲ್ಲಿ ಹೆಸರು ಮಾಡಿದ್ದ ಹಿರಿಯರಾದ ಕೆ. ಆರ್. ರಾಮನಾಥನ್ ಅವರನ್ನು ಕರೆತಂದು ನಿರ್ದೇಶಕರನ್ನಾಗಿ ಮಾಡಿ, ತಾವು ಪ್ರಾಧ್ಯಾಪಕರಾಗಿ ದುಡಿದರು. ಹಣ ಮನೆಯದಾದರೂ ಪೀಠ ಹಿರಿಯರಿಗೆ ಎಂಬ ಈ ವಿನಯ ಗಮನಿಸತಕ್ಕದ್ದು. ಅದೇ ವರ್ಷ ಬಟ್ಟೆ ಗಿರಣಿಗಳಿಗಾಗಿ ಅಟಿರಾ ಎಂಬ ಸಂಶೋಧನಾ ಸಂಘವನ್ನೂ ಕಟ್ಟಿ 1956ರವರೆಗೆ ಅದನ್ನು ನಡೆಸಿದರು. 1961ರಲ್ಲಿ ಅಹಮದಾಬಾದಿನ ಭಾರತೀಯ ನಿರ್ವಹಣ ಸಂಸ್ಥೆ ಹುಟ್ಟಿದಾಗ ಅದರ ಮೊದಲ ಗೌರವ ನಿರ್ದೇಶಕರೂ ಅವರೇ ಆದರು.

ವಡೋದರೆಯ ನಮಗೆ ಅವರು ಇನ್ನೂ ಹತ್ತಿರದವರು. ಅಂದಿನ ಬರೋಡಾದ ಸಾರಾಭಾಯಿ ಕೆಮಿಕಲ್ಸ್ ಎಂಬ ಔಷಧ ಕಾರ್ಖಾನೆಯ ಹೊಣೆಯನ್ನು ಅವರು 1950ರ ಸುಮಾರಿಗೆ ಹೊತ್ತರು. ಔಷಧ ತಯಾರಿಕೆಯಲ್ಲಿ ಗುಣದ ಪರೀಕ್ಷೆ ಕಟ್ಟುನಿಟ್ಟಾಗಿ ನಡೆಯಬೇಕೆಂಬುದು ಅವರ ಹಟವಾಗಿದ್ದಿತು. 1960ರಲ್ಲಿ ಇದೇ ಊರಿನಲ್ಲಿ ಆಪರೇಷನ್ಸ್ ರಿಸರ್ಚ್ ಗ್ರೂಪ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಕೊಳ್ಳುವವರು ಯಾರು, ಅವರಿಗೆ ಏನು ಬೇಕು, ಸರಕು ಎಲ್ಲಿ ತಲಪುತ್ತಿದೆ, ಎಲ್ಲಿ ತಲಪುತ್ತಿಲ್ಲ ಎಂಬುದನ್ನು ಅಂದಾಜಿನಿಂದ ಹೇಳದೆ, ಜನರನ್ನು ಕೇಳಿ ಲೆಕ್ಕ ಹಾಕಿ ತಿಳಿಯುವುದು ಆ ಸಂಸ್ಥೆಯ ಕೆಲಸ. ಈ ಅಭ್ಯಾಸ ಮುಂದೆ ಟೆಲಿವಿಷನ್ನಿನ ವಿಷಯದಲ್ಲಿಯೂ ಅವರಿಗೆ ದಾರಿದೀಪವಾಯಿತು.

ಅವರ ಶಿಷ್ಯರಲ್ಲಿ ಕನ್ನಡಿಗರ ಹೆಸರೂ ಮೇಲಿದೆ. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಅಹಮದಾಬಾದಿಗೆ ಬಂದು ಸಾರಾಭಾಯಿಯವರ ಕೈಕೆಳಗೆ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ಮಾಡಿ ಡಾಕ್ಟರೇಟ್ ಗಳಿಸಿದರು. ಅಮೆರಿಕದಲ್ಲಿ ಕೆಲವು ವರ್ಷ ದುಡಿದು 1966ರಲ್ಲಿ ಮರಳಿ ಅದೇ ಸಂಶೋಧನಾಲಯವನ್ನು ಸೇರಿದರು. 1975ರ ಏಪ್ರಿಲ್ 19ರಂದು ಆಕಾಶಕ್ಕೇರಿದ ಆರ್ಯಭಟ ಉಪಗ್ರಹವು ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದುದು ಅವರ ಮುಂದಾಳುತನದಲ್ಲಿ. ಗುಜರಾತಿನ ಗುರು, ಕರಾವಳಿಯ ಶಿಷ್ಯ. ಹೊರನಾಡ ಕನ್ನಡಿಗರಿಗೆ ಇದಕ್ಕಿಂತ ಹೆಮ್ಮೆಯ ಸಂಬಂಧ ಯಾವುದು?

ರೇಡಿಯೋದ ಮಡಿಲಲ್ಲಿ ಬೆಳೆದ ಟೆಲಿವಿಷನ್

ಸಾರಾಭಾಯಿಯವರ ದೊಡ್ಡ ಕನಸನ್ನು ಹೇಳುವ ಮುನ್ನ, ಟೆಲಿವಿಷನ್ ಹೇಗೆ ಬೆಳೆಯಿತೆಂಬುದನ್ನು ಒಂದಿಷ್ಟು ತಿಳಿಯುವುದು ಅಗತ್ಯ. ಟೆಲಿವಿಷನ್ನು ರೇಡಿಯೋದ ಕೂಸು. ಇಂಗ್ಲೆಂಡಿನಲ್ಲಿ ಜಾನ್ ಬೇರ್ಡ್ ಅವರು ಪ್ರಯೋಗ ಆರಂಭಿಸಿದಾಗ ಅವರಿಗೆ ದೊರೆತುದು ಒಂದೇ ರೇಡಿಯೋ ಪ್ರಸಾರ ಯಂತ್ರ. ಆದ್ದರಿಂದ ಸ್ವಲ್ಪ ಹೊತ್ತು ಮೂಕಚಿತ್ರ, ಬಳಿಕ ಸ್ವಲ್ಪ ಹೊತ್ತು ಚಿತ್ರವಿಲ್ಲದ ಮಾತು, ಹೀಗೆ ಸರದಿಯ ಮೇಲೆ ಕಳುಹಿಸಬೇಕಾಗಿದ್ದಿತು. 1930ರ ಮಾರ್ಚ್ ಕೊನೆಯಲ್ಲಿ ಎರಡು ಪ್ರಸಾರ ಯಂತ್ರಗಳು ದೊರೆತ ಮೇಲೆಯೇ ಚಿತ್ರವೂ ಧ್ವನಿಯೂ ಏಕಕಾಲದಲ್ಲಿ ಬೇರೆ ಬೇರೆ ತರಂಗಗಳ ಮೇಲೆ ಹೋಗಿ ನೋಡುವವರ ಮನೆಯಲ್ಲಿ ಒಂದುಗೂಡಿದವು. ಚಿತ್ರದ ದಾರಿ ಬೇರೆ, ಧ್ವನಿಯ ದಾರಿ ಬೇರೆ ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕಾಗಿ ವಿನಂತಿ. ಮುಂದೆ ಇದರಿಂದಲೇ ಕನ್ನಡಕ್ಕೆ ದಾರಿಯಾಗಲಿದೆ.

ಅಮೆರಿಕದಲ್ಲಿ ಟೆಲಿವಿಷನ್ನಿಗೆ ಹೊಸ ಕಾರ್ಯಕ್ರಮಗಳನ್ನು ಹುಡುಕುವುದು ಕಷ್ಟವಾದಾಗ, ಜನಪ್ರಿಯವಾಗಿದ್ದ ರೇಡಿಯೋ ಕಾರ್ಯಕ್ರಮಗಳನ್ನೇ ಕ್ಯಾಮೆರಾದ ಮುಂದೆ ನಡೆಸಿ, ರೇಡಿಯೋದಲ್ಲಿಯೂ ಟೆಲಿವಿಷನ್ನಿನಲ್ಲಿಯೂ ಏಕಕಾಲದಲ್ಲಿ ಬಿತ್ತರಿಸತೊಡಗಿದರು. 1948ರ ಡಿಸೆಂಬರಿನಲ್ಲಿ ಆರ್ಥರ್ ಗಾಡ್‌ಫ್ರಿಯವರ ಹೊಸ ಪ್ರತಿಭೆಗಳ ಕಾರ್ಯಕ್ರಮವೂ, 1949ರಲ್ಲಿ ಫೈರ್‌ಸ್ಟೋನ್ ಕಂಪನಿಯ ಸಂಗೀತ ಕಾರ್ಯಕ್ರಮವೂ ಹೀಗೆ ಪ್ರಸಾರವಾದವು. ರೇಡಿಯೋ ಇದ್ದವರು ಕೇಳಿದರು, ಟೆಲಿವಿಷನ್ ಇದ್ದವರು ನೋಡಿದರು. ಕಂಪನಿಗಳು ಹಣ ಕೊಟ್ಟವು, ಪಟ್ಟಣದ ಮನೆಗಳು ಪೆಟ್ಟಿಗೆ ಕೊಂಡವು. ಪಶ್ಚಿಮದಲ್ಲಿ ಟೆಲಿವಿಷನ್ ಹೀಗೆ ಪಟ್ಟಣದಿಂದ, ವಿನೋದದಿಂದ, ಕೊಳ್ಳುವ ಶಕ್ತಿಯುಳ್ಳವರಿಂದ ಆರಂಭವಾಗಿ ಮೆಲ್ಲಗೆ ಹೊರಕ್ಕೆ ಹಬ್ಬಿತು.

ನಮ್ಮ ದೇಶದಲ್ಲಿಯೂ ಟೆಲಿವಿಷನ್ ರೇಡಿಯೋದ ಮಡಿಲಲ್ಲಿಯೇ ಹುಟ್ಟಿತು. ರೇಡಿಯೋದ ವಿಷಯದಲ್ಲಿ ಮೈಸೂರಿಗೂ ಬರೋಡಾಕ್ಕೂ ಒಂದು ಸಾಮ್ಯವಿದೆ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಆಕಾಶವಾಣಿ ಎಂಬ ಹೆಸರಿನ ನಿಲಯವನ್ನು ತೆರೆದರು. ದೇಶೀಯ ಸಂಸ್ಥಾನಗಳಲ್ಲಿ ಸ್ವಂತ ರೇಡಿಯೋ ನಿಲಯವಿದ್ದವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಮೈಸೂರೂ ಒಂದು, ಬರೋಡಾವೂ ಒಂದು. ಸಂಸ್ಥಾನಗಳು ವಿಲೀನವಾದ ಬಳಿಕ ಇವೆರಡೂ ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿಹೋದವು. ಅದೇ ಆಲ್ ಇಂಡಿಯಾ ರೇಡಿಯೋ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗಾರ್ಥವಾಗಿ ಟೆಲಿವಿಷನ್ ಪ್ರಸಾರವನ್ನು ಆರಂಭಿಸಿತು. 1976ರ ಏಪ್ರಿಲ್ 1ರವರೆಗೂ ಟೆಲಿವಿಷನ್ ರೇಡಿಯೋ ಇಲಾಖೆಯ ಭಾಗವಾಗಿಯೇ ಇದ್ದು, ಅಂದು ದೂರದರ್ಶನವೆಂಬ ಹೆಸರಿನಲ್ಲಿ ಬೇರೆಯಾಯಿತು.

ಹಳ್ಳಿಗೆ ಮೊದಲು

ಸಾರಾಭಾಯಿಯವರ ಯೋಚನೆ ಪಶ್ಚಿಮದ ಕ್ರಮಕ್ಕೆ ತೀರ ವಿರುದ್ಧವಾದುದು. ರೇಡಿಯೋದಿಂದ ಅವರು ಬಯಸಿದುದು ಜನಪ್ರಿಯ ವಿನೋದವನ್ನಲ್ಲ, ಹಳ್ಳಿಯ ರೇಡಿಯೋ ಕೂಟಗಳ ಪಾಠವನ್ನು. 1956ರಲ್ಲಿ ಪುಣೆಯ ಸುತ್ತಿನ ಜಿಲ್ಲೆಗಳ ಹಳ್ಳಿಗಳಲ್ಲಿ ಯುನೆಸ್ಕೋದ ನೆರವಿನಿಂದ ಇಂತಹ ಕೂಟಗಳು ನಡೆದಿದ್ದವು. ರೈತರು ಒಂದೆಡೆ ಕುಳಿತು ರೇಡಿಯೋ ಭಾಷಣವನ್ನು ಕೇಳುವುದು, ಅದನ್ನು ಕುರಿತು ಚರ್ಚಿಸುವುದು, ಬಳಿಕ ಹೊಲದಲ್ಲಿ ಮಾಡಿ ನೋಡುವುದು ಅವುಗಳ ಕ್ರಮ. ಈ ಕ್ರಮಕ್ಕೆ ಚಿತ್ರವನ್ನೂ ಸೇರಿಸಿದರೆ ಓದು ಬಾರದವನಿಗೂ ವಿಷಯ ಕಣ್ಣಿಗೆ ಕಟ್ಟುವುದಷ್ಟೆ!

1966ರ ಜನವರಿಯಲ್ಲಿ ವಿಮಾನದ ಅಪಘಾತದಲ್ಲಿ ಭಾಭಾ ಅವರು ತೀರಿಕೊಂಡರು. ಅದೇ ವರ್ಷ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷಸ್ಥಾನ ಸಾರಾಭಾಯಿಯವರ ಪಾಲಿಗೆ ಬಂದಿತು. ಆ ಅಧಿಕಾರವನ್ನು ಅವರು ಮೊದಲು ಬಳಸಿದ ಕೆಲಸಗಳಲ್ಲಿ ಒಂದು, ದೆಹಲಿಯ ಸುತ್ತಲಿನ ಎಂಬತ್ತು ಹಳ್ಳಿಗಳಿಗೆ ಟೆಲಿವಿಷನ್ ಪೆಟ್ಟಿಗೆಗಳನ್ನು ಒದಗಿಸುವುದು. 1967ರ ಜನವರಿ 26ರಂದು ಕೃಷಿ ದರ್ಶನವೆಂಬ ಕಾರ್ಯಕ್ರಮ ಆರಂಭವಾಯಿತು. ಗೋಧಿಯ ಹೊಸ ತಳಿ, ಗೊಬ್ಬರದ ಅಳತೆ, ನೀರು ಬಿಡುವ ಕ್ರಮ ಇವೆಲ್ಲವನ್ನೂ ರೈತರು ಊರಿನ ಒಂದೇ ಪೆಟ್ಟಿಗೆಯ ಮುಂದೆ ಒಟ್ಟಾಗಿ ಕುಳಿತು ನೋಡಿದರು. ಹಳ್ಳಿಗನಿಗೆ ಟೆಲಿವಿಷನ್ ಅರ್ಥವಾಗದೆಂಬ ಮಾತು ಸುಳ್ಳೆಂದು ತಿಳಿಯಿತು.

ಎಂಬತ್ತು ಹಳ್ಳಿಗಳಿಗೆ ಸರಿ, ದೇಶದ ಐದೂವರೆ ಲಕ್ಷಕ್ಕೂ ಮಿಕ್ಕ ಹಳ್ಳಿಗಳಿಗೆ ಮುಟ್ಟಿಸುವುದು ಹೇಗೆ? ನೆಲದ ಮೇಲಿನ ಗೋಪುರದಿಂದ ಟೆಲಿವಿಷನ್ ತರಂಗ ಹೋಗುವುದು ಕೆಲವೇ ಹತ್ತು ಮೈಲಿಗಳ ದೂರ. ಒಂದೊಂದಾಗಿ ಗೋಪುರ ಕಟ್ಟುತ್ತ ಹೋದರೆ ಮೊದಲು ಮಹಾನಗರಗಳಿಗೆ, ಬಳಿಕ ಪಟ್ಟಣಗಳಿಗೆ, ಎಲ್ಲಕ್ಕೂ ಕೊನೆಗೆ ಹಳ್ಳಿಗೆ ಸರದಿ ಬರುತ್ತದೆ. ಆ ಹೊತ್ತಿಗೆ ಒಂದು ತಲೆಮಾರೇ ಕಳೆದುಹೋಗಿರುತ್ತದೆ. ಆದರೆ ಭೂಮಿಯಿಂದ ಸುಮಾರು 36,000 ಕಿಲೋಮೀಟರು ಮೇಲೆ, ಭೂಮಿಯೊಡನೆಯೇ ಸುತ್ತುವುದರಿಂದ ಒಂದೇ ಕಡೆ ನಿಂತಂತೆ ತೋರುವ ಉಪಗ್ರಹಕ್ಕೆ ದೆಹಲಿಯೂ ಒಂದೇ, ದೇವದುರ್ಗದ ಬಳಿಯ ಕುಗ್ರಾಮವೂ ಒಂದೇ. ಹಿಂದುಳಿದ ಊರಿಗೆ ಮೊದಲು ಕೊಡಬೇಕೆಂದಿದ್ದರೆ ಆಕಾಶದ ದಾರಿಯೇ ಹತ್ತಿರದ ದಾರಿ. 1969ರಲ್ಲಿ ದೆಹಲಿಯಲ್ಲಿ ಅಭಿವೃದ್ಧಿಗಾಗಿ ಟೆಲಿವಿಷನ್ ಎಂಬ ವಿಷಯವಾಗಿ ಮಂಡಿಸಿದ ಪ್ರಬಂಧದಲ್ಲಿ ಅವರು ಈ ವಾದವನ್ನು ಮುಂದಿಟ್ಟರು.

ಹೊಟ್ಟೆಗೆ ಹಿಟ್ಟಿಲ್ಲದ ದೇಶಕ್ಕೆ ರಾಕೆಟ್ಟು ಏಕೆಂದು ಕೇಳಿದವರು ಆ ಕಾಲದಲ್ಲಿ ಅನೇಕರಿದ್ದರು. ಚಂದ್ರನಿಗೆ ಮನುಷ್ಯನನ್ನು ಕಳುಹಿಸಿ ಶ್ರೀಮಂತ ರಾಷ್ಟ್ರಗಳೊಡನೆ ಪೈಪೋಟಿ ಮಾಡುವ ಆಸೆ ತಮಗಿಲ್ಲವೆಂಬುದು ಸಾರಾಭಾಯಿಯವರ ನಿಲುವಾಗಿದ್ದಿತು. ಹವಾಮಾನ, ಸಂದೇಶ, ಶಿಕ್ಷಣ ಇವು ಬಡವನ ದಿನನಿತ್ಯದ ಆವಶ್ಯಕತೆಗಳು, ಅವುಗಳಲ್ಲಿ ಮಾತ್ರ ನಾವು ಯಾರಿಗೂ ಹಿಂದೆ ಬೀಳಬಾರದೆಂದು ಅವರು ವಾದಿಸಿದರು. ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ಟನ್ನು ಹಾರಿಸಿದುದೂ, 1969ರ ಆಗಸ್ಟ್ 15ರಂದು ಇಸ್ರೋ ಸಂಸ್ಥೆಯನ್ನು ಕಟ್ಟಿದುದೂ ಈ ಉದ್ದೇಶದಿಂದಲೇ.

ಸ್ವಂತ ಉಪಗ್ರಹ ಕಟ್ಟುವವರೆಗೆ ಕಾಯುವ ತಾಳ್ಮೆ ಅವರಿಗಿರಲಿಲ್ಲ. 1967ರಲ್ಲಿಯೇ ಸಂಯುಕ್ತ ರಾಷ್ಟ್ರಗಳ ನೆರವಿನಿಂದ ಅಹಮದಾಬಾದಿನಲ್ಲಿ ಉಪಗ್ರಹದೊಡನೆ ವ್ಯವಹರಿಸುವ ಪ್ರಾಯೋಗಿಕ ಭೂಕೇಂದ್ರವೊಂದನ್ನು ಸ್ಥಾಪಿಸಿದ್ದರು. 1969ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಒಂದು ವರ್ಷದ ಮಟ್ಟಿಗೆ ಉಪಗ್ರಹ ಅಮೆರಿಕದ್ದು. ಭೂಕೇಂದ್ರ, ಹಳ್ಳಿಯ ಪೆಟ್ಟಿಗೆಗಳು, ಕಾರ್ಯಕ್ರಮಗಳು ಎಲ್ಲವೂ ನಮ್ಮವು. ಬೇರೆಯವರ ಯಂತ್ರವನ್ನು ಎರವಲು ತಂದರೂ ವಿದ್ಯೆಯನ್ನು ಎರವಲು ತರಬಾರದೆಂಬ ನೀತಿ ಈ ಒಪ್ಪಂದದಲ್ಲಿ ಎದ್ದು ಕಾಣುತ್ತದೆ.

ಅಕಾಲಿಕ ಮರಣ

ಆದರೆ ವಿಧಿಯ ಸಂಕಲ್ಪ ಬೇರೆಯಾಗಿದ್ದಿತು. ಅಣುಶಕ್ತಿ, ಅಂತರಿಕ್ಷ, ಕಾರ್ಖಾನೆ, ಸಂಶೋಧನಾಲಯ ಇಷ್ಟನ್ನೂ ಒಬ್ಬರೇ ಹೊತ್ತು ಊರಿಂದೂರಿಗೆ ವಿಮಾನದಲ್ಲಿ ಓಡಾಡುತ್ತಿದ್ದ ಆ ದೇಹಕ್ಕೆ ವಿಶ್ರಾಂತಿಯೆಂಬುದೇ ಇರಲಿಲ್ಲ. ತುಂಬಾದ ಕೆಲಸವನ್ನು ನೋಡಲು ಹೋಗಿದ್ದವರು 1971ರ ಡಿಸೆಂಬರ್ 30ರಂದು ಕೋವಳದಲ್ಲಿ ತಂಗಿದ್ದ ಕೊಠಡಿಯಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡರು. ಆಗ ಅವರ ವಯಸ್ಸು ಕೇವಲ ಐವತ್ತೆರಡು. 1966ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿದ್ದ ಸರಕಾರ 1972ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತು ಗೌರವಿಸಿತು. ತುಂಬಾದ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. ತಾವು ಬಿತ್ತಿದ ಬೀಜ ಮೊಳೆತುದನ್ನು ನೋಡುವ ಭಾಗ್ಯ ಮಾತ್ರ ಅವರಿಗೆ ಲಭಿಸಲಿಲ್ಲ.

ಒಂದೇ ಚಿತ್ರ, ಎರಡು ಭಾಷೆ

ಅವರ ಬಳಿಕ ಇಸ್ರೋದ ಹೊಣೆ ಬೆಂಗಳೂರಿನ ಸತೀಶ್ ಧವನ್ ಅವರಿಗೆ ಬಂದಿತು. ಅಹಮದಾಬಾದಿನಲ್ಲಿ ಯಶಪಾಲ್ ಮತ್ತು ಇ. ವಿ. ಚಿಟ್ನಿಸ್ ಅವರು ಟೆಲಿವಿಷನ್ ಪ್ರಯೋಗವನ್ನು ಮುನ್ನಡೆಸಿದರು. ಎ.ಟಿ.ಎಸ್. 6 ಎಂಬ ಉಪಗ್ರಹ 1974ರ ಮೇ 30ರಂದು ಅಮೆರಿಕದಿಂದ ಏರಿತು. ಮರುವರ್ಷ ಅದನ್ನು ಪೂರ್ವ ಆಫ್ರಿಕದ ಮೇಲಕ್ಕೆ ಸರಿಸಿ ನಮ್ಮ ದೇಶಕ್ಕೆ ಮುಖ ಮಾಡಿ ನಿಲ್ಲಿಸಿದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಸರಿಯಾಗಿ ಒಂದು ವರ್ಷ ಸೈಟ್ ಎಂಬ ಈ ಪ್ರಯೋಗ ನಡೆಯಿತು. ರಾಜಸ್ಥಾನ, ಬಿಹಾರ, ಮಧ್ಯಪ್ರದೇಶ, ಒರಿಸ್ಸಾ, ಆಂಧ್ರ ಮತ್ತು ಕರ್ನಾಟಕ ಈ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಆರಿಸುವಾಗ ನೋಡಿದುದು ಶ್ರೀಮಂತಿಕೆಯನ್ನಲ್ಲ, ಹಿಂದುಳಿದಿರುವಿಕೆಯನ್ನು. ಕರ್ನಾಟಕದಿಂದ ಬಿಜಾಪುರ, ಗುಲ್ಬರ್ಗಾ, ರಾಯಚೂರುಗಳು ಆಯ್ಕೆಯಾದುದು ಈ ಕಾರಣದಿಂದಲೇ.

ಹಳ್ಳಿಯ ಶಾಲೆಯದೋ ಪಂಚಾಯತಿಯದೋ ಕಟ್ಟಡದ ಬಳಿ ಸುಮಾರು ಹತ್ತು ಅಡಿ ಅಗಲದ, ತಿರುವಿಟ್ಟ ಛತ್ರಿಯಂತಹ ಆಂಟೆನಾವನ್ನು ನಿಲ್ಲಿಸಿದರು. ಅದನ್ನು ಮಾಡಿದುದು ಕೋಳಿಗೂಡಿಗೆ ಹಾಕುವಂತಹ ತಂತಿಬಲೆಯಿಂದ! ಪೆಟ್ಟಿಗೆಗಳು ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆಯಲ್ಲಿ ತಯಾರಾದವು. ವಿದ್ಯುತ್ತಿಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿಯಿಂದ ನಡೆಸಿದರು. ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರ. ಬೆಳಗ್ಗೆ ಒಂದೂವರೆ ಗಂಟೆ ಶಾಲಾಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರೆಲ್ಲರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜಾನಪದ ಹಾಡು, ನಾಟಕ ಎಲ್ಲಕ್ಕೂ ಅದರಲ್ಲಿ ಸ್ಥಳವಿದ್ದಿತು.

ಈಗ ಭಾಷೆಯ ಪ್ರಶ್ನೆ. ಉಪಗ್ರಹದಿಂದ ಒಂದು ಹೊತ್ತಿಗೆ ಕಳುಹಿಸಬಹುದಾದುದು ಒಂದೇ ಚಿತ್ರ. ಕರ್ನಾಟಕದ ಹಳ್ಳಿಗಳೂ ನೆರೆಯ ಆಂಧ್ರದ ಹಳ್ಳಿಗಳೂ ಒಂದೇ ಗುಂಪಿನಲ್ಲಿದ್ದವು. ಮಣ್ಣೂ ಬೆಳೆಯೂ ಹೆಚ್ಚುಕಡಿಮೆ ಒಂದೇ, ಮಾತು ಮಾತ್ರ ಬೇರೆ. ಇಲ್ಲಿ ಹಿಂದೆ ಹೇಳಿದ ವಿಷಯವನ್ನು ನೆನೆಯಬೇಕು. ಚಿತ್ರದ ದಾರಿ ಬೇರೆ, ಧ್ವನಿಯ ದಾರಿ ಬೇರೆಯಷ್ಟೆ. ಆದಕಾರಣ ಒಂದು ಚಿತ್ರದ ಜತೆಗೆ ಎರಡು ಧ್ವನಿಗಳನ್ನು ಕಳುಹಿಸುವ ಏರ್ಪಾಡು ಮಾಡಿದ್ದರು. ಹಳ್ಳಿಯ ಪೆಟ್ಟಿಗೆ ತನಗೆ ಬೇಕಾದ ಧ್ವನಿಯನ್ನು ಮಾತ್ರ ಹಿಡಿಯುತ್ತಿದ್ದಿತು. ರಾಯಚೂರಿನ ರೈತ ನೋಡಿದುದೂ ತೆಲುಗು ನಾಡಿನ ರೈತ ನೋಡಿದುದೂ ಅದೇ ಹೊಲ, ಅದೇ ನೇಗಿಲು. ಒಬ್ಬನ ಕಿವಿಗೆ ಬಿದ್ದುದು ಕನ್ನಡ, ಇನ್ನೊಬ್ಬನ ಕಿವಿಗೆ ತೆಲುಗು. ಇಬ್ಬರೂ ತಮ್ಮ ಮಾತನ್ನು ಬಿಟ್ಟುಕೊಡಬೇಕಾಗಲಿಲ್ಲ. ಇದರ ಹೊರತಾಗಿ ಅರ್ಧ ಗಂಟೆಯ ಹಿಂದೀ ಕಾರ್ಯಕ್ರಮವೊಂದು ದೇಶದ ಎಲ್ಲ ಹಳ್ಳಿಗಳಿಗೂ ಸಾಮಾನ್ಯವಾಗಿದ್ದಿತು.

ಆಲ್ ಇಂಡಿಯಾ ರೇಡಿಯೋದವರು ಹೈದರಾಬಾದಿನಲ್ಲಿ ತಯಾರಿಸಿದ ಕನ್ನಡ ಕಾರ್ಯಕ್ರಮಗಳು ಅಹಮದಾಬಾದಿನ ಭೂಕೇಂದ್ರದಿಂದ ಉಪಗ್ರಹಕ್ಕೆ ಏರಿ, ಕೃಷ್ಣೆ ಭೀಮೆಯರ ದಡದ ಊರುಗಳಲ್ಲಿ ಇಳಿದವು. ಅಲ್ಲಿಯ ಎಷ್ಟೋ ಹೆಂಗಸರಿಗೂ ಮುದುಕರಿಗೂ ಮಕ್ಕಳಿಗೂ ಅದಕ್ಕೆ ಮೊದಲು ಪತ್ರಿಕೆಯಾಗಲಿ, ರೇಡಿಯೋವಾಗಲಿ, ಸಿನಿಮವಾಗಲಿ ಗೊತ್ತಿರಲಿಲ್ಲ. ಅಕ್ಷರದ ಮೆಟ್ಟಿಲನ್ನು ಹತ್ತದೆಯೇ ಅವರು ನೇರವಾಗಿ ಜಗತ್ತನ್ನು ಕಂಡರು. ಪ್ರಯೋಗದ ಫಲವನ್ನು ತಿಳಿಯಲು ಸಮಾಜಶಾಸ್ತ್ರಜ್ಞರು ಹಳ್ಳಿಗಳಲ್ಲಿಯೇ ಉಳಿದು, ಯಾರು ನೋಡುತ್ತಾರೆ, ಏನನ್ನು ಕಲಿತರು, ಯಾವಾಗ ಎದ್ದುಹೋಗುತ್ತಾರೆ ಎಂಬುದನ್ನೆಲ್ಲ ಬರೆದಿಟ್ಟರು. ವಡೋದರೆಯಲ್ಲಿ ಆರಂಭಿಸಿದ ಜನರನ್ನು ಕೇಳುವ ಪದ್ಧತಿ ಇಲ್ಲಿಯೂ ಮುಂದುವರಿಯಿತು.

ಗುಜರಾತಿಗೂ ಇದರ ಫಲ ದೊರೆಯಿತು. ವಡೋದರೆಯಿಂದ ಅಹಮದಾಬಾದಿಗೆ ರೈಲಿನಲ್ಲಿ ಹೋಗುವಾಗ ನಡಿಯಾದ್ ಸಿಗುತ್ತದೆಯಲ್ಲವೆ? ಅದರ ಸಮೀಪದ ಪಿಜ್ ಎಂಬ ಹಳ್ಳಿಯಲ್ಲಿ 1975ರಲ್ಲಿಯೇ ಒಂದು ಕಿಲೋವ್ಯಾಟಿನ ಚಿಕ್ಕ ಪ್ರಸಾರ ಯಂತ್ರವನ್ನು ಸ್ಥಾಪಿಸಿದರು. ಖೇಡಾ ಜಿಲ್ಲೆಯ ಹಾಲಿನ ಸಹಕಾರ ಸಂಘಗಳ ಮನೆಗಳಲ್ಲಿ ಪೆಟ್ಟಿಗೆಗಳನ್ನಿಟ್ಟರು. ಎಮ್ಮೆಯ ಹಾಲನ್ನು ಅಳೆದುಕೊಟ್ಟ ಜನ ಅಲ್ಲಿಯೇ ಕುಳಿತು, ಗ್ರಂಥಸ್ಥ ಗುಜರಾತಿಯಲ್ಲಲ್ಲ, ತಮ್ಮ ಚರೋತರ ಸೀಮೆಯ ಆಡುಮಾತಿನಲ್ಲಿ ತಮ್ಮದೇ ಊರಿನ ಕಷ್ಟಸುಖಗಳ ನಾಟಕಗಳನ್ನು ನೋಡಿದರು. ಕೂಲಿಯ ದರ, ಜಾತಿಯ ಕಟ್ಟಳೆ, ಹೆಣ್ಣುಮಕ್ಕಳ ಪಾಡು ಮುಂತಾದ ಮುಜುಗರದ ವಿಷಯಗಳೂ ಬಂದವು. 1984ರಲ್ಲಿ ಈ ಯೋಜನೆಗೆ ಯುನೆಸ್ಕೋದ ಬಹುಮಾನ ದೊರೆಯಿತು.

ಉಳಿದ ಕೆಲಸ

ವರ್ಷ ಮುಗಿಯಿತು. ಒಪ್ಪಂದದಂತೆ ಅಮೆರಿಕದವರು ಉಪಗ್ರಹವನ್ನು ಹಿಂದಕ್ಕೆ ಸರಿಸಿಕೊಂಡರು. ಸಾವಿರಾರು ಹಳ್ಳಿಗಳ ಪೆಟ್ಟಿಗೆಗಳು ಮೌನವಾದವು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ಟೆಲಿವಿಷನ್ ಬಂದುದು 1981ರಲ್ಲಿ. ರಾಜಧಾನಿಗಿಂತ ಮೊದಲು ಹಿಂದುಳಿದ ಸೀಮೆಗೆ ಸವಲತ್ತು ದೊರೆತುದು ನಮ್ಮ ನಾಡಿನ ಇತಿಹಾಸದಲ್ಲಿ ಅಪರೂಪ. ಅದಕ್ಕೆ ಕಾರಣರಾದವರು ಕನ್ನಡ ಬಾರದ ಒಬ್ಬ ಗುಜರಾತಿ ಮಹನೀಯರು.

ಆದರೆ ಸತ್ಯವನ್ನು ಮರೆಮಾಚಲಾಗದು. 1982ರಲ್ಲಿ ಬಣ್ಣದ ಟೆಲಿವಿಷನ್ ಬಂದಿತು, ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಬಂದಿತು. ಹಳ್ಳಿಗೆ ಮೊದಲೆಂಬ ಕ್ರಮ ತಲೆಕೆಳಗಾಗಿ ಪಟ್ಟಣಕ್ಕೆ ಮೊದಲು, ವಿನೋದಕ್ಕೆ ಮೊದಲು ಎಂಬ ಪಶ್ಚಿಮದ ಹಳೆಯ ಕ್ರಮವೇ ನೆಲೆಯೂರಿತು. ಹಾಗೆಂದು ಸಾರಾಭಾಯಿಯವರ ಪ್ರಯತ್ನ ವ್ಯರ್ಥವಾಯಿತೆಂದು ತಿಳಿಯಬಾರದು. ಬಡವನೂ ಅಕ್ಷರ ಬಾರದವನೂ ತನ್ನ ಮಾತಿನಲ್ಲಿಯೇ ವಿದ್ಯೆಯನ್ನು ಪಡೆಯಲು ಹಕ್ಕುಳ್ಳವನು, ಯಂತ್ರಗಳು ಆ ಹಕ್ಕಿಗೆ ಅಡ್ಡಿಯಾಗಬೇಕಾಗಿಲ್ಲ ಎಂಬುದನ್ನು ಆ ಒಂದು ವರ್ಷ ಸಿದ್ಧಮಾಡಿ ತೋರಿಸಿತು.

ಕನ್ನಡ ಬಂಧುಗಳೇ, ಈ ಪಾಠ ಹಳ್ಳಿಗರಿಗೆ ಮಾತ್ರವಲ್ಲ, ವಲಸೆ ಬಂದ ನಮ್ಮ ಮನೆಗಳಿಗೂ ಸಲ್ಲುತ್ತದೆ. ನಮ್ಮ ಮಕ್ಕಳು ಬೀದಿಯಲ್ಲಿ ಗುಜರಾತಿಯನ್ನು ಆಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷನ್ನು ಓದುತ್ತಾರೆ. ಅದು ತಪ್ಪಲ್ಲ. ಆಶ್ರಯ ಕೊಟ್ಟ ನಾಡಿನ ಮಾತನ್ನು ಕಲಿಯದಿರುವುದೇ ತಪ್ಪು. ಅವರು ನೋಡುವ ಬೀದಿ, ಉತ್ತರಾಯಣದ ಗಾಳಿಪಟ, ನವರಾತ್ರಿಯ ಗರಬಾ ಎಲ್ಲವೂ ನೆರೆಮನೆಯ ಮಕ್ಕಳು ನೋಡುವಂತಹವೇ. ಆದರೆ ಅದೇ ಚಿತ್ರಕ್ಕೆ ಕನ್ನಡದ ಧ್ವನಿಯನ್ನು ಕೂಡಿಸುವವರು ತಾಯಿತಂದೆಗಳಲ್ಲದೆ ಇನ್ನಾರು? ಊಟದ ಹೊತ್ತಿನಲ್ಲಿ, ಹಬ್ಬದ ದಿನ, ಊರಿನ ಅಜ್ಜಿಗೆ ದೂರವಾಣಿ ಮಾಡುವಾಗ ನಾವು ಕನ್ನಡ ಆಡಿದರೆ ಮಕ್ಕಳ ಕಿವಿಗೆ ಅದು ಬೀಳುತ್ತದೆ. ನಾವು ಸುಮ್ಮನಾದರೆ ಯಾವ ಉಪಗ್ರಹವೂ ಆ ಕೆಲಸವನ್ನು ಮಾಡಿಕೊಡಲಾರದು.

ಬೆಂಗಳೂರಿನಲ್ಲಿ ವಿದ್ಯೆ ಕಲಿತು, ವಡೋದರೆಯಲ್ಲಿ ಉದ್ಯಮ ನಡೆಸಿ, ಅಹಮದಾಬಾದಿನಿಂದ ಕನ್ನಡಕ್ಕೆ ಆಕಾಶದ ದಾರಿ ತೆರೆದ ಡಾ. ವಿಕ್ರಮ ಸಾರಾಭಾಯಿಯವರ ಸ್ಮರಣೆಗೆ ಈ ರಾಜ್ಯೋತ್ಸವದ ದಿನ ನಮ್ಮೆಲ್ಲರ ಕೃತಜ್ಞತಾಪೂರ್ವಕವಾದ ವಂದನೆಗಳು ಸಲ್ಲಲಿ.